ಬಯಲುಸೀಮೆಯ ರಸ್ತೆ ಇಳಿಜಾರಿನಲ್ಲಿ ಬೀಜ ಬಿತ್ತಿ ಹಸಿರು ಬೆಳೆಸುವ ಕ್ರಮ

ಗುಡ್ಡ ಸೀಳಿ ರಸ್ತೆ ಅಗಲ ಮಾಡಿದ ಕಡೆ ಉಳಿಯುವ ಬೋಳು ಇಳಿಜಾರು ತಾನಾಗಿಯೇ ಹಸಿರಾಗುವ ಹೊತ್ತಿಗೆ ಅದರ ಮಣ್ಣೆಲ್ಲ ಕೊಚ್ಚಿಹೋಗಿ ಚರಂಡಿ ಸೇರಿರುತ್ತದೆ. ಹಿರಿಯೂರು, ಚಿತ್ರದುರ್ಗಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಂಥ ಒಣ ಸೀಮೆಯಲ್ಲಿ, ಸಸಿ ನೆಟ್ಟು ಬೇಸಿಗೆಯುದ್ದಕ್ಕೂ ಟ್ಯಾಂಕರ್ ನೀರು ಹೊಯ್ಯುವುದಕ್ಕಿಂತ ಬೀಜ ಬಿತ್ತುವುದೇ ಲೇಸು. ಇದ್ದಲ್ಲೇ ಮೊಳೆತ ಗಿಡದ ತಾಯಿಬೇರು ಸುತ್ತಿಕೊಳ್ಳದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ರಸ್ತೆ ಯಾವ ಇಲಾಖೆಗೆ ಸೇರಿದೆಯೋ ಅದರ ಅನುಮತಿ ಪಡೆದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು.

ಮೊದಲು ನೆಲವನ್ನು ಅಣಿಗೊಳಿಸಬೇಕು. ಜೆಸಿಬಿ ನುಣ್ಣಗೆ ಕೆತ್ತಿದ ಮೈಯಲ್ಲಿ ಯಾವ ಬೀಜವೂ ನಿಲ್ಲುವುದಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಕಾಲುವೆ ತೋಡಿ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ, ಅನಂತರ ಗುದ್ದಲಿಯಿಂದ ಇಳಿಜಾರಿಗೆ ಅಡ್ಡಲಾಗಿ ಮೊಳಕ್ಕೊಂದರಂತೆ ಗೀರು ಎಳೆಯಬೇಕು. ಮೇಲಿನಿಂದ ಕೆಳಕ್ಕೆ ಎಳೆದ ಗೀರು ಮೊದಲ ಬಿರುಮಳೆಗೇ ಕೊರಕಲಾಗುತ್ತದೆ. 45 ಡಿಗ್ರಿಗಿಂತ ಕಡಿದಾದ ಕಡೆ ಬರೀ ಬಿತ್ತನೆಯನ್ನು ನೆಚ್ಚಬಾರದು. ಅಲ್ಲಿ ಎಂಜಿನಿಯರರನ್ನು ಕೇಳಿ ಮೆಟ್ಟಿಲು ಕಡಿಸಿ, ತೆಂಗಿನ ನಾರಿನ ಬಲೆ ಹಾಸಿ ಗೂಟ ಹೊಡೆಯಬೇಕಾಗುತ್ತದೆ.

ಬೀಜವನ್ನು ಸುತ್ತಲಿನ ಗುಡ್ಡಗಳಲ್ಲೇ ಹುಡುಕಬೇಕು. ತಂಗಡಿ ಮತ್ತು ಬಂದರೆ ಎಂಬ ಪೊದೆಗಿಡಗಳು ನನ್ನ ಮೊದಲ ಆಯ್ಕೆ, ಏಕೆಂದರೆ ಇವು ಕಲ್ಲುಮಣ್ಣಿನಲ್ಲೂ ಬೇರೂರುತ್ತವೆ, ದನ-ಮೇಕೆಗಳು ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎತ್ತರಕ್ಕೆ ಬೆಳೆದು ಚಾಲಕರ ನೋಟಕ್ಕೆ ಅಡ್ಡಬರುವುದೂ ಇಲ್ಲ. ಇವುಗಳ ನಡುವೆ ಮಣ್ಣನ್ನು ಹಿಡಿಯಲು ಕರಡದ ಹುಲ್ಲು ಬೇಕು. ಅದರ ಬೀಜದ ಸುಂಕು, ಅಂದರೆ ತುದಿಯ ಉದ್ದನೆಯ ಬಿರುಗೂದಲು, ನೆನೆದು ಒಣಗಿದಂತೆಲ್ಲ ತಿರುಗುತ್ತ ಬೀಜವನ್ನು ತಾನೇ ಮಣ್ಣಿಗೆ ಕೊರೆಯುವುದರಿಂದ ಸುಂಕನ್ನು ಕತ್ತರಿಸಬಾರದು. ಹೊಸ ಬೀಜ ಸರಿಯಾಗಿ ಮೊಳೆಯದಿರುವುದರಿಂದ ಚಳಿಗಾಲದಲ್ಲಿ ಆಯ್ದದ್ದನ್ನು ಮುಂದಿನ ಮಳೆಗಾಲದವರೆಗೆ ಒಣಗಿಸಿಡಬೇಕು. ತಂಗಡಿಯ ಬೀಜಕ್ಕೆ ಗಟ್ಟಿ ಸಿಪ್ಪೆಯಿದೆ: ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ನೆನೆಸಬೇಕು. ಬೇಗ ನೆರಳು ಕೊಡಲು ಒಂದಿಷ್ಟು ಹುರುಳಿ ಸೇರಿಸಬಹುದು, ಆದರೆ ಹೊಲಕ್ಕೆ ಹಾಕುವುದರ ಅರ್ಧದಷ್ಟು ಸಾಕು, ಹೆಚ್ಚಾದರೆ ಅದೇ ಉಳಿದ ಸಸಿಗಳನ್ನು ಮುಚ್ಚಿಬಿಡುತ್ತದೆ. ಬಳ್ಳಾರಿ ಜಾಲಿಯನ್ನು ಮಾತ್ರ ಎಂದಿಗೂ ಬಿತ್ತಬಾರದು.

ಹೆಚ್ಚಿನವರು ಎಡವುವುದು ಕಾಲದ ವಿಷಯದಲ್ಲಿ. ಮೇ ಕೊನೆ, ಜೂನ್ ಮೊದಲಲ್ಲಿ ಬರುವ ರೋಹಿಣಿ ಮಳೆಗೆ ಎಲ್ಲ ಬೀಜವನ್ನೂ ಚೆಲ್ಲಿದರೆ, ಮೊಳೆತ ಸಸಿಗಳು ಜುಲೈನ ಒಣಗಾಳಿಗೆ ಸುಟ್ಟುಹೋಗುತ್ತವೆ. ಈ ಭಾಗದಲ್ಲಿ ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುವುದರಿಂದ, ಬೀಜದ ಮೂರನೆಯ ಒಂದು ಭಾಗವನ್ನಷ್ಟೇ ಮುಂಗಾರಿಗೆ ಬಿತ್ತಿ, ಉಳಿದದ್ದನ್ನು ಆಗಸ್ಟಿನ ಆಶ್ಲೇಷ, ಮಘೆ ಮಳೆಗಳ ಹದ ನೋಡಿಕೊಂಡು ಬಿತ್ತುವುದು ಸುರಕ್ಷಿತ.

ಬೀಜವನ್ನು ಮರಳು, ಪುಡಿಗೊಬ್ಬರದೊಂದಿಗೆ ಕಲಸಿ ಗೀರುಗಳಲ್ಲಿ ಉದುರಿಸಿ, ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚಿ ಕಾಲಿನಿಂದ ಮೆಲ್ಲಗೆ ಅದುಮಬೇಕು. ಬೀಜದುಂಡೆ ಎಸೆಯುವುದು ಜನಪ್ರಿಯವಾದರೂ ಇಳಿಜಾರಿನಲ್ಲಿ ಉಂಡೆಗಳು ಉರುಳಿ ಚರಂಡಿಗೆ ಬೀಳುತ್ತವೆ. ಬಿತ್ತಿದ ಮೇಲೆ ರಾಗಿ ಹುಲ್ಲನ್ನು ನೆಲ ಅರೆಬರೆ ಕಾಣುವಷ್ಟು ತೆಳ್ಳಗೆ ಹರಡಿ, ಗಾಳಿಗೆ ಹಾರದಂತೆ ಮುಳ್ಳುಕಂಟಿ ಹೇರಿದರೆ ಮೇಕೆಗಳೂ ದೂರವಿರುತ್ತವೆ. ಯೂರಿಯಾ ಬೇಡ; ಅದರಿಂದ ಕೊಬ್ಬುವುದು ಪಾರ್ಥೇನಿಯಂ.

ಡಿಸೆಂಬರಿನಲ್ಲಿ ಹುಲ್ಲಿನ ಬೀಜ ಉದುರಿದೊಡನೆ, ಬೇಸಿಗೆಯ ಬೆಂಕಿ ತಗುಲದಂತೆ ರಸ್ತೆಯಂಚಿನ ಒಂದೆರಡು ಮೀಟರಿನ ಒಣಹುಲ್ಲನ್ನು ಕುಯ್ದು ತೆಗೆಯಬೇಕು. ಬೋಳಾಗಿ ಉಳಿದ ಜಾಗಗಳನ್ನು ಆಗಲೇ ಗುರುತು ಮಾಡಿಕೊಂಡು, ಮುಂದಿನ ಆಶ್ಲೇಷ ಮಳೆಗೆ ಅವುಗಳನ್ನು ಮತ್ತೆ ಗೀರಿ ಬಿತ್ತಬೇಕು.