ಪೋಪರ ಅಧಿಕಾರದ ವಾದವನ್ನು ಬೈಬಲಿನಲ್ಲಿ ಪರಿಶೀಲಿಸುವ ಕ್ರಮ

ಯೇಸು ತನ್ನ ಶಿಷ್ಯ ಪೇತ್ರನಿಗೆ ಕೊಟ್ಟ ಅಧಿಕಾರ ರೋಮಿನ ಬಿಷಪ್ಪರಾದ ಪೋಪರಿಗೆ ದಾಟಿ ಬಂದಿದೆ ಎಂಬುದು ಕಥೋಲಿಕರ ವಾದ. ಅದನ್ನು ಪರಿಶೀಲಿಸಲು ಮೊದಲು ಮತ್ತಾಯ 16ನೆಯ ಅಧ್ಯಾಯದ 13ರಿಂದ 23ರವರೆಗಿನ ಭಾಗವನ್ನು ಬಿಡದೆ ಓದಬೇಕು. 18ನೆಯ ವಚನವೊಂದನ್ನೇ ಹಿಡಿದು ವಾದಕ್ಕಿಳಿಯುವವರು, ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂದು ಪೇತ್ರನಿಗೆ ಹೇಳಿದ ಯೇಸುವೇ ಸ್ವಲ್ಪ ಹೊತ್ತಿನಲ್ಲಿ ಅವನನ್ನು ಕಟುವಾಗಿ ಗದರಿಸುವುದನ್ನು ಗಮನಿಸುವುದೇ ಇಲ್ಲ.

19ನೆಯ ವಚನದಲ್ಲಿ ಯೇಸು ಪೇತ್ರನಿಗೆ ಕೊಡುವೆನೆನ್ನುವ ಪರಲೋಕರಾಜ್ಯದ ಬೀಗದ ಕೈಗಳ ಮಾತು ಬಂದಾಗ ಯೆಶಾಯ 22:22ನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿ ಅರಮನೆಯ ಮೇಲ್ವಿಚಾರಕನಾದ ಶೆಬ್ನನನ್ನು ತೆಗೆದು ಎಲ್ಯಾಕೀಮನಿಗೆ ದಾವೀದನ ಮನೆತನದ ಬೀಗದ ಕೈಯನ್ನು ಒಪ್ಪಿಸಲಾಗುತ್ತದೆ. ಆದ್ದರಿಂದ ಪೇತ್ರನಿಗೆ ದೊರೆತದ್ದೂ ಒಬ್ಬರಿಂದ ಒಬ್ಬರಿಗೆ ಸಾಗುವ ಹುದ್ದೆಯೆಂಬುದು ಕಥೋಲಿಕರ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ತೋರುತ್ತದೆ. ಪ್ರೊಟೆಸ್ಟೆಂಟರು ಮತ್ತಾಯ 18:18ನ್ನು ತೋರಿಸಿ, ಅದೇ 19ನೆಯ ವಚನದ ‘ಕಟ್ಟುವ ಬಿಚ್ಚುವ’ ಅಧಿಕಾರ, ಅಂದರೆ ನಿಷೇಧಿಸುವ ಅನುಮತಿಸುವ ಅಧಿಕಾರ, ಎಲ್ಲ ಶಿಷ್ಯರಿಗೂ ದೊರೆಯಿತೆನ್ನುತ್ತಾರೆ. ಆ ವಚನದಲ್ಲಿ ಬೀಗದ ಕೈಗಳ ಪ್ರಸ್ತಾಪವಿಲ್ಲವೆಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಲೂಕ 22:32 ಮತ್ತು ಯೋಹಾನ 21:15–17ನ್ನೂ ಓದಿ, ಏಕೆಂದರೆ 1870ರಲ್ಲಿ ಕಥೋಲಿಕ ಬಿಷಪ್ಪರ ಮೊದಲ ವ್ಯಾಟಿಕನ್ ಮಹಾಸಭೆ ಇವನ್ನೂ ಪೋಪರ ಅಧಿಕಾರಕ್ಕೆ ಆಧಾರವಾಗಿ ಉಲ್ಲೇಖಿಸಿತು. ಎದುರು ಪಕ್ಷದವರು ಮುಂದಿಡುವುದು ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿಯಾಗಿ ಖಂಡಿಸಿದ ಗಲಾತ್ಯ 2:11ನ್ನು, ಮತ್ತು ಜೆರುಸಲೇಮಿನ ಸಭೆಯಲ್ಲಿ ಯಾಕೋಬನು ತನ್ನ ತೀರ್ಮಾನವನ್ನು ಹೇಳುವ ಅಪೊಸ್ತಲರ ಕೃತ್ಯಗಳು 15ನ್ನು.

ಇಷ್ಟಾದ ಮೇಲೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು ಅತ್ಯಗತ್ಯ: ಪೇತ್ರನಿಗೆ ಪ್ರಾಧಾನ್ಯವಿತ್ತೇ, ಮತ್ತು ಅದು ರೋಮಿನ ಬಿಷಪ್ಪರಿಗೆ ದಾಟಿತೇ? ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮೊದಲನೆಯದನ್ನು ಸಾಮಾನ್ಯವಾಗಿ ಒಪ್ಪುತ್ತವೆ, ರೋಮಿಗೆ ಗೌರವದ ಅಗ್ರಸ್ಥಾನವನ್ನೂ ಕೊಡುತ್ತವೆ. ಆದರೆ ಎಲ್ಲ ಸಭೆಗಳ ಮೇಲಿನ ಆಳ್ವಿಕೆಯನ್ನು ಒಪ್ಪುವುದಿಲ್ಲ. ಬಂಡೆಯೆಂದರೆ ಪೇತ್ರನೋ ಕ್ರಿಸ್ತನೋ ಎಂಬುದನ್ನು ಆದಿ ಸಭೆಯ ಪಂಡಿತರಾದ ಅಗಸ್ಟೀನರು ಸಹ ತಮ್ಮ ಕೊನೆಗಾಲದಲ್ಲಿ ಓದುಗರ ವಿವೇಚನೆಗೇ ಬಿಟ್ಟರು.