ಮನೋರೋಗಕ್ಕೆ ವಿಮೆ: ಕ್ಲೇಮ್ ಕೆಡುವುದೆಲ್ಲಿ, ಉಳಿಸಿಕೊಳ್ಳುವುದು ಹೇಗೆ?

ವಿಮೆಯ ಕಾಗದ ಓದಲು ಬರುವವನು ಎಂಬ ಹೆಸರು ನಮ್ಮ ಬಡಾವಣೆಯಲ್ಲಿ ನನಗೆ ಅಂಟಿಕೊಂಡಿದೆ. ಹಾಗಾಗಿ ಕ್ಲೇಮ್ ತಿರಸ್ಕಾರವಾದ ಪತ್ರ ಹಿಡಿದವರು ಮೊದಲು ನಮ್ಮ ಮನೆಗೇ ಬರುತ್ತಾರೆ. ಖಿನ್ನತೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಎಂದು ಅಡ್ಮಿಟ್ ಆದವರ ಇಂಥ ಪತ್ರ ಹಲವು ಓದಿದ್ದೇನೆ. ‘ಮನಸ್ಸಿನ ಕಾಯಿಲೆಗೆ ಕೊಡುವುದಿಲ್ಲ’ ಎಂಬ ಮಾತು ಒಂದರಲ್ಲೂ ಇರಲಿಲ್ಲ. ಹಾಗೆ ಬರೆಯುವಂತೆಯೇ ಇಲ್ಲ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನದಕ್ಕೂ ಹಾಗೆಯೇ ವಿಮೆ ಕೊಡಬೇಕು. 2018ರ ಮೇ 29ರಿಂದ ಇದು ಜಾರಿಯಲ್ಲಿದೆ. ಹಣ ಸಿಕ್ಕಿಹಾಕಿಕೊಳ್ಳುವುದು ಬೇರೆ ಸಂದಿಗಳಲ್ಲಿ.

1. ಪಾಲಿಸಿ ಮಾಡಿಸುವಾಗ ಮಾತ್ರೆಯ ವಿಷಯ ಮುಚ್ಚಿಡಬೇಡಿ. ‘ನಿದ್ದೆ ಮಾತ್ರೆ ತಾನೇ ಸಾರ್, ಬರೆಯೋದು ಬೇಡ’ ಎನ್ನುವ ಏಜೆಂಟನ ಸಹವಾಸವೇ ಬೇಡ. ಬರೆದರೆ ಆ ಕಾಯಿಲೆಯ ಕ್ಲೇಮಿಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾದೀತು, ಪ್ರೀಮಿಯಂ ಏರೀತು, ಇಲ್ಲವೇ ಆ ಕಂಪನಿ ಬೇಡವೆಂದೀತು. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಪಾಲಿಸಿಯೇ ಹೋಗುತ್ತದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಬೇಡವಾದರೆ ಹಿಂತಿರುಗಿಸಿ.

2. ಓಪಿಡಿ (ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಚಿಕಿತ್ಸೆ) ಖರ್ಚನ್ನು ಲೆಕ್ಕದಿಂದ ತೆಗೆದುಬಿಡಿ. ದೊಡ್ಡ ಕಂದಕ ಇದೇ. ಮನಸ್ಸಿನ ಚಿಕಿತ್ಸೆಯ ಬಹುಪಾಲು ವಾರವಾರದ ಕೌನ್ಸೆಲಿಂಗ್, ತಿಂಗಳ ಮಾತ್ರೆ. ಸಾಮಾನ್ಯ ಪಾಲಿಸಿ ಕೇಳುವುದು 24 ಗಂಟೆಯ ಅಡ್ಮಿಷನ್. ‘ಓಪಿಡಿ ರೈಡರ್’ ಎಂದು ಹೆಚ್ಚುವರಿ ಹಣ ಕಟ್ಟಿಸಿಕೊಳ್ಳುವವರು ಉಂಟು. ಕಂಪನಿಯ ಆ್ಯಪಿನೊಳಗಿನ ಕೌನ್ಸೆಲರ್ ಜತೆ ನಾಲ್ಕು ಫೋನ್ ಕರೆ ಮಾತ್ರ ಎಂದಿದ್ದರೆ ಅದು ದಂಡ. ನಾನಾದರೆ ಆ ದುಡ್ಡನ್ನು ಬೇರೆ ಖಾತೆಗೆ ಹಾಕುತ್ತೇನೆ. ಮಾತ್ರೆಗೆ ಜನೌಷಧಿ ಅಂಗಡಿ ನೋಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ.

3. ಸೇರುವ ಜಾಗ ಪಾಲಿಸಿಯ ಕಣ್ಣಿಗೆ ‘ಆಸ್ಪತ್ರೆ’ಯೇ ಎಂದು ನೋಡಿ. 15 ಹಾಸಿಗೆ (ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಲ್ಲಿ 10), ಹಗಲೂ ರಾತ್ರಿ ನರ್ಸ್, ವೈದ್ಯರು ಬೇಕು. ಊರಾಚೆ ತೋಟದಲ್ಲಿರುವ ಪುನರ್ವಸತಿ ಕೇಂದ್ರದ ಬಿಲ್ ಎಷ್ಟೇ ಚಂದವಿರಲಿ, ಕೆಲಸಕ್ಕೆ ಬರುವುದು ಕಷ್ಟ.

4. ಡಿಸ್ಚಾರ್ಜ್ ಸಮ್ಮರಿ, ಅಂದರೆ ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಚಿಕಿತ್ಸೆಯ ಸಾರಾಂಶದ ಹಾಳೆ. ಹತ್ತರಲ್ಲಿ ಒಂಬತ್ತು ಜನ ಕೆಡಿಸಿಕೊಳ್ಳುವುದು ಇಲ್ಲೇ. ಮನೆಗೆ ಹೋದರೆ ಸಾಕೆಂಬ ಅವಸರದಲ್ಲಿ ಸಹಿ ಹಾಕಿ, ಹಾಳೆಯನ್ನು ಕ್ಯಾರಿಬ್ಯಾಗಿಗೆ ತುರುಕಿ ಹೊರಡುತ್ತಾರೆ. ಹೊರಡುವ ಹಿಂದಿನ ದಿನವೇ ಕರಡು ಕೇಳಿ, ಕುಳಿತು ಓದಿ.

‘ನಿಗಾಕ್ಕಾಗಿ ದಾಖಲು’, ‘ಪರೀಕ್ಷೆಗಾಗಿ ದಾಖಲು’ ಎಂಬ ಸಾಲು ಕಂಡರೆ ಎಚ್ಚರ. ಬರೀ ತಪಾಸಣೆಗೆ ಸೇರಿದರೆ ಹಣವಿಲ್ಲ ಎಂಬ ನಿಯಮ ಪಾಲಿಸಿಗಳಲ್ಲಿದೆ. ಯಾವುದಕ್ಕೆ ಹಣವಿಲ್ಲ ಎಂದು ವಿಮಾ ನಿಯಂತ್ರಕರು ಮಾಡಿದ ಮಾದರಿ ಪಟ್ಟಿಯಲ್ಲಿ ಅದು 4ನೇ ಹೊರಗಿಡುವಿಕೆ. ‘ವಿಶ್ರಾಂತಿ’ ಎಂದಿದ್ದರೆ 5ನೆಯದು. ನಮ್ಮ ಬೀದಿಯ ಹುಡುಗನೊಬ್ಬ ಮೂರು ದಿನ ಊಟ ಬಿಟ್ಟು, ಸಾಯುವ ಮಾತಾಡುತ್ತಿದ್ದ. ಸಮ್ಮರಿಯಲ್ಲಿ ಇದ್ದದ್ದು ‘ನಿಗಾ’ ಎಂಬ ಒಂದೇ ಪದ. ಊಟ ಬಿಟ್ಟದ್ದು, ಜೀವಕ್ಕೆ ಅಪಾಯವಿದ್ದದ್ದು, ಮನೆಯಲ್ಲಿಟ್ಟು ಚಿಕಿತ್ಸೆ ಕೊಡಲು ಯಾಕೆ ಆಗಲಿಲ್ಲ, ಯಾವ ಔಷಧಿಯ ಡೋಸ್ ದಿನದಿನಕ್ಕೆ ಹೇಗೆ ಬದಲಾಯಿತು, ಇಸಿಟಿ (ಮಿದುಳಿಗೆ ಕೊಡುವ ವಿದ್ಯುತ್ ಚಿಕಿತ್ಸೆ) ಕೊಟ್ಟಿದ್ದರೆ ಎಷ್ಟು ಸಲ, ಇಷ್ಟೂ ಇರಬೇಕು. ಕಾಯಿಲೆಯ ಹೆಸರಿನ ಪಕ್ಕ ಐಸಿಡಿ, ಅಂದರೆ ಕಾಯಿಲೆಗಳ ಅಂತಾರಾಷ್ಟ್ರೀಯ ಪಟ್ಟಿಯ ಸಂಕೇತವೂ ಇರಲಿ (ಐಸಿಡಿ-10ರಲ್ಲಿ ಖಿನ್ನತೆಗೆ ಎಫ್32).

ಕುಡಿತದ ವಿಷಯ ಇನ್ನೂ ನಾಜೂಕು. ಮದ್ಯ, ಮಾದಕದ್ರವ್ಯಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಯನ್ನೂ ಕಾಯ್ದೆ ಮನೋರೋಗವೆಂದೇ ಎಣಿಸುತ್ತದೆ. ಪಾಲಿಸಿಯ 12ನೇ ಹೊರಗಿಡುವಿಕೆ ಮಾತ್ರ ವ್ಯಸನದ ಚಿಕಿತ್ಸೆಯನ್ನು ಬಾಗಿಲಾಚೆ ನಿಲ್ಲಿಸುತ್ತದೆ. ಖಿನ್ನತೆಗೆಂದೇ ಸೇರಿದವರ ಹಾಳೆಯಲ್ಲಿ ಮೊದಲ ಸಾಲು ‘ಮದ್ಯವ್ಯಸನ’ ಎಂದಿದ್ದರೆ ಮುಗಿಯಿತು. ಮುಖ್ಯ ಕಾಯಿಲೆ ಯಾವುದೋ ಅದನ್ನೇ ಮೊದಲು ಬರೆಯಿರೆಂದು ವೈದ್ಯರನ್ನು ಕೇಳುವುದು ತಪ್ಪಲ್ಲ. ಕುಡಿತವೇ ಮುಖ್ಯವಾಗಿದ್ದರೆ ಮುಚ್ಚಿಸಲು ಹೋಗಬೇಡಿ. ಕಂಪನಿಯವರು ಕೇಸ್‌ಶೀಟ್ (ಆಸ್ಪತ್ರೆಯಲ್ಲಿ ಬರೆದಿಟ್ಟ ಚಿಕಿತ್ಸೆಯ ದಾಖಲೆ) ತರಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

‘ಡಾಕ್ಟರು ಬಿಜಿ’ ಎಂದು ಡೆಸ್ಕಿನವರು ಸಾಗಹಾಕಿದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ದಾಖಲೆ ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂಬ ನಿಯಮವಿದೆ.

5. ಕ್ಲೇಮ್ ಫಾರಂ ತುಂಬಿ, ಎಲ್ಲದರ ಜೆರಾಕ್ಸ್ ಇಟ್ಟುಕೊಂಡು ಕಳಿಸಿ.

6. ತಿರಸ್ಕಾರವಾದರೆ ಕಾಲ್ ಸೆಂಟರಿನ ಜತೆ ಜಗಳಕ್ಕಿಳಿಯಬೇಡಿ, ಗಂಟಲು ಒಣಗುವುದಷ್ಟೇ. ಯಾವ ಷರತ್ತಿನಡಿ ನಿರಾಕರಿಸಿದಿರಿ ಎಂದು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. ಒಂದು ತಿಂಗಳು ಉತ್ತರವಿಲ್ಲ ಅಥವಾ ಉತ್ತರ ಒಪ್ಪಿಗೆಯಾಗಲಿಲ್ಲ ಎಂದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ವಿಚಾರಣೆಗೆ ಕರೆದಾಗ ಕಾಯ್ದೆ ಪುಸ್ತಕ ಹೊತ್ತೊಯ್ಯುವುದಕ್ಕಿಂತ ದಿನದಿನದ ನರ್ಸಿಂಗ್ ಚಾರ್ಟಿನ ಪ್ರತಿ ಒಯ್ಯಿರಿ. ಆ ಹುಡುಗ ಮೂರು ದಿನ ತಟ್ಟೆ ಮುಟ್ಟಲಿಲ್ಲ ಎಂದು ಬರೆದದ್ದು ಕೊನೆಗೆ ಸಿಕ್ಕಿದ್ದೂ ಆ ಚಾರ್ಟಿನಲ್ಲೇ.