ಗುಳೆ ಕಥೆಯನ್ನು ಗೋಡೆಗೆ ಅಂಟಿಸಿದೆ: ನನ್ನ ಅನುಭವ

ಗುಳೆ ಬಂದವರ ಕಥೆಯನ್ನು ಕಾಮಿಕ್ಸ್ ಮಾಡಿ ಅವರಿಗೇ ಓದಿಸುತ್ತೇನೆ ಅಂದಾಗ ಚಿತ್ರ ಬರೆಯುವ ಗೆಳೆಯರೇ ನಕ್ಕಿದ್ದರು. ಕೂಲಿಯವರು ಎಲ್ಲಿ ಓದ್ತಾರೆ, ದುಡ್ಡು ಯಾರು ಕೊಡ್ತಾರೆ ಅಂತ. ಈಗ ಆ ಗೆಳೆಯರೇ ನನ್ನ ಕಾಮಿಕ್ಸ್ ಹಾಳೆ ಕೇಳುತ್ತಿದ್ದಾರೆ.

ಮೊದಲು ಮಾಡಿದ್ದು ಪುಸ್ತಕ. ಅರವತ್ತು ಚಿಲ್ಲರೆ ಪುಟ, ಆಫ್‌ಸೆಟ್, 500 ಪ್ರತಿ. ಸುಮಾರು 40 ಸಾವಿರ ಕೈಬಿಟ್ಟಿತು. ನೂರರಷ್ಟು ಹೋಗಿರಬಹುದು. ಕೊಂಡವರಲ್ಲಿ ಗುಳೆ ಬಂದವರು ಒಬ್ಬರೂ ಇರಲಿಲ್ಲ. ಉಳಿದ ಬಂಡಲ್ ಮಂಚದ ಕೆಳಗಿದೆ. ಅಕ್ಷರದ್ದು ಇನ್ನೊಂದು ಗೋಳು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಏನೇನೋ ಆಗಿ ತೆರೆದುಕೊಂಡಿತು. ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತಿತು. ಸಾಕಾಗಿ ಪೆನ್ನು ಹಿಡಿದೆ. ಈಗ ಮೊದಲು ಮಾತು ಬರೆದು, ಒತ್ತು ಇಳಿಯೋಕೆ ಜಾಗ ಬಿಟ್ಟು ಅದರ ಸುತ್ತ ಮಾತಿನ ಬಲೂನು ಎಳೆಯುತ್ತೇನೆ. ಚಿತ್ರ ಉಳಿದ ಜಾಗದಲ್ಲಿ. ಒಂದು ಬಲೂನಿಗೆ ಏಳೆಂಟು ಪದ, ಅದಕ್ಕಿಂತ ಜಾಸ್ತಿ ಬೇಡ.

ದಾರಿ ಸಿಕ್ಕಿದ್ದು ಜನಸಾಮಾನ್ಯರಿಗೆ ಕಾಮಿಕ್ಸ್ ಮಾಡೋಕೆ ಕಲಿಸುವ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯವರ ಗೋಡೆ ಕಾಮಿಕ್ಸ್‌ನಿಂದ. ಎರಡು ಎ4 ಜೋಡಿಸಿ ಎ3, ನಾಲ್ಕು ಚೌಕ, ಕಪ್ಪು ಶಾಯಿ, ಜೆರಾಕ್ಸ್. ಹಾಳೆಗೆ ಐದಾರು ರೂಪಾಯಿ. ಪುಸ್ತಕಕ್ಕೆ ಸುರಿದ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಕೂಲಿಯವರು ಇರುವ ಅರ್ಧ ಶೆಡ್ಡುಗಳಿಗೆ ಅಂಟಿಸಬಹುದಿತ್ತು!

ಮೊದಲ ಹಾಳೆಯಲ್ಲಿ ಕಾಯ್ದೆ ತುಂಬಿದ್ದೆ. ಆಗ ಇದ್ದ 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯ ದಾಟಿ ಬಂದವರಿಗೆ ಮಾತ್ರ ಇತ್ತು. ಯಾದಗಿರಿಯಿಂದ 500 ಕಿಲೋಮೀಟರ್ ಬಂದರೂ ನಮ್ಮವರು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ವಿಷಯ ದೊಡ್ಡದೇ, ಆದರೆ ಯಾರೂ ನಿಂತು ಓದಲಿಲ್ಲ. ಆಮೇಲೆ ಸರ್ಕಾರಿ ಸವಲತ್ತಿಗೆ ಬೇಕಾದ ಕಟ್ಟಡ ಕಾರ್ಮಿಕರ ಕಾರ್ಡಿನ ವಿಷಯ ಹಿಡಿದೆ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು. ನನ್ನ ಹಾಳೆಯಲ್ಲಿ ಒಬ್ಬ ಹೆಂಗಸು ತಾನೇ ಕಟ್ಟಿದ ಗೋಡೆ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೀಟು ಹಾಕುತ್ತಾಳೆ. ನಾಲ್ಕನೇ ಚೌಕದಲ್ಲಿ ಆ ಗೋಡೆಗೆ ಪ್ಲಾಸ್ಟರ್ ಆಗಿದೆ. ಅಷ್ಟೇ, ಮಾತಿಲ್ಲ. ಈ ಹಾಳೆ ಮುಂದೆ ಜನ ನಿಂತರು, ನಕ್ಕರು, ಕಾರ್ಡು ಎಲ್ಲಿ ಮಾಡಿಸಬೇಕು ಅಂತ ಕೇಳಿದರು.

ಶಾಯಿ ಹಾಕುವ ಮುಂಚೆ ಪೆನ್ಸಿಲ್ ಹಾಳೆಯನ್ನು ಶೆಡ್ಡಿಗೆ ಒಯ್ಯುವುದೇ ನನ್ನ ವಿಧಾನ. ಶಾಲೆಗೆ ಹೋಗುವ ಮಕ್ಕಳು ಜೋರಾಗಿ ಓದುತ್ತಾರೆ, ದೊಡ್ಡವರು ತಪ್ಪು ಹಿಡಿಯುತ್ತಾರೆ. ನಾನು ಮೇಸ್ತ್ರಿಯನ್ನು ಹೊಟ್ಟೆ, ಮೀಸೆ ಇಟ್ಟು ಬರೆದಿದ್ದೆ. ರಾಯಚೂರಿನ ಅಕ್ಕ ಒಬ್ಬರು, ‘ಯಣ್ಣಾ, ಮೇಸ್ತ್ರಿ ನಮ್ಮೂರವನೇ ಅದಾನ. ನಮ್ಹಂಗ ಇರ್ತಾನ, ಕೈಯಾಗ ಒಂದು ಬೈಕಿನ ಕೀಲಿ ಕೊಡು ಸಾಕು’ ಅಂದರು. ಕೊಟ್ಟೆ. ವಾರಕ್ಕಿಷ್ಟು ಖರ್ಚಿಗೆ ಕೊಟ್ಟು, ಪೂರ್ತಿ ಲೆಕ್ಕ ಊರಿಗೆ ಹೋಗುವಾಗ ಅನ್ನುವವನು ಇವನೇ ಅಂತ ಆ ಕೀಲಿ ನೋಡಿಯೇ ಗೊತ್ತಾಗುತ್ತದೆ.

ಜಾತಿ ತೋರಿಸೋಕೆ ಮೈಬಣ್ಣ ಕಪ್ಪು ಮಾಡು ಅಂತ ಸಲಹೆ ಕೊಟ್ಟವರಿದ್ದರು. ಅದು ನನಗೆ ಆಗದು. ಬದಲಿಗೆ ಚಹಾ ಅಂಗಡಿ ಬರೆದೆ: ಎಲ್ಲರ ಕೈಯಲ್ಲಿ ಗಾಜಿನ ಲೋಟ, ಒಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಕಪ್. ಓದುವವರಿಗೆ ಅಷ್ಟು ಸಾಕು.

ನಡುವೆ ಬೇರೆ ಆಟಗಳೂ ಆದವು. ಗೊಂಡ ಕಲಾವಿದರು ಚಿತ್ರ ಬರೆದ, ಅಂಬೇಡ್ಕರ್ ಬದುಕಿನ ಚಿತ್ರಕಥೆ ‘ಭೀಮಾಯಣ’ದಲ್ಲಿ (2011) ಚೌಕಗಳೇ ಇಲ್ಲವಲ್ಲ, ನಾನೂ ತೆಗೆದು ನೋಡಿದೆ. ಪುಸ್ತಕದಲ್ಲಿ ಅದು ಸೊಗಸು. ಗೋಡೆ ಮೇಲೆ ಎಲ್ಲಿಂದ ಶುರು ಅಂತಲೇ ಜನಕ್ಕೆ ತಿಳಿಯಲಿಲ್ಲ. ಚಿತ್ರದಲ್ಲಿನ ಟಾರ್ಪಾಲಿಗೆ ಮಾತ್ರ ನೀಲಿ ಬಣ್ಣ ಹಾಕಿಸೋಣ ಅಂತ ಲಗ್ನಪತ್ರಿಕೆ ಅಂಗಡಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಿದೆ. ಎರಡು ಸಾವಿರ ಹೋಯಿತು, ಅರ್ಧ ಹಾಳೆ ಒಂದಕ್ಕೊಂದು ಅಂಟಿಕೊಂಡವು. ಆದರೂ ಆ ನೀಲಿ ಚೆನ್ನಾಗಿತ್ತು, ಮತ್ತೆ ಮಾಡಿಸುತ್ತೇನೆ.

ಮೈದಾ ಅಂಟಿನಲ್ಲಿ ಅಂಟಿಸಿದ್ದನ್ನು ದನಗಳು ತಿಂದವು, ಅದು ಗೋಡೆಗೆ ಅಂಟಿಸುವವರಿಗೆಲ್ಲ ಗೊತ್ತಿರುವ ಕಷ್ಟ. ಈಗ ನನ್ನ ಹಾಳೆಗೆ ಅವು ಬಾಯಿ ಹಾಕಲ್ಲ. ಅಂಟಿಗೆ ಏನು ಸೇರಿಸುತ್ತೇನೆ ಅಂತ ಮಾತ್ರ ಹೇಳಲ್ಲ.

ಅದೇ ಅಳತೆಯ ಎ3 ಹಾಳೆಯನ್ನು ಮಡಚಿ ನಡುವೆ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಸ್ತಿಕೆ. ಇಪ್ಪತ್ತು ರೂಪಾಯಿಗೆ ಮಾರುತ್ತೇನೆ, ಗೋಡೆಯ ಖರ್ಚು ಅದರಲ್ಲೇ ಹುಟ್ಟುತ್ತದೆ. ಮುಂದಿನದು ಇಟ್ಟಿಗೆ ಭಟ್ಟಿ ಬಗ್ಗೆ. ಪೆನ್ಸಿಲ್ ಮುಗಿದಿದೆ, ತಪ್ಪು ಹಿಡಿಯುವವರು ದೀಪಾವಳಿ ಮುಗಿಸಿ ಊರಿಂದ ಬರಬೇಕು.